ಬಣ್ಣದ ಚಿತ್ರಕ್ಕೆ ಬಹುಮಾನ ಕೊಡಬೇಡಿ

ಹೋದ ಸೆಮಿಸ್ಟರ್‌ನಲ್ಲಿ ಬೇರೊಂದು ಕಾಲೇಜಿನ ಟೆಕ್ ಫೆಸ್ಟ್‌ನಲ್ಲಿ ನಮ್ಮ ಟೀಮ್‌ಗೆ ಎರಡನೇ ಬಹುಮಾನ ಬಂತು. ಐದು ಸಾವಿರ ರೂಪಾಯಿ, ಒಂದು ಟ್ರೋಫಿ, ನಾಲ್ಕು ಸರ್ಟಿಫಿಕೇಟ್. ನಮ್ಮ ವಿಷಯ, ಹಡಗಿನ ಪ್ರೊಪೆಲ್ಲರ್ ಸುತ್ತ ನೀರು ಹೇಗೆ ಹರಿಯುತ್ತೆ ಅನ್ನೋದರ ಕಂಪ್ಯೂಟರ್ ಸಿಮ್ಯುಲೇಶನ್. ಪೋಸ್ಟರ್ ನೋಡಿದವರೆಲ್ಲ "ವಾವ್" ಅಂದ್ರು. ಬ್ಲೇಡಿನ ತುದಿಯಿಂದ ಸುರುಳಿ ಸುರುಳಿಯಾಗಿ ಹಿಂದಕ್ಕೆ ಹೋಗೋ ನೀರು, ಕೆಂಪಿಂದ ನೀಲಿವರೆಗೆ ಬಣ್ಣ, ಅದರ ಪಕ್ಕದಲ್ಲಿ ಒಂದು ವಿಡಿಯೋ. ಇನ್‌ಸ್ಟಾದಲ್ಲಿ ಹಾಕಿದ್ದಕ್ಕೆ ಕ್ಲಾಸಿನ ಅರ್ಧ ಜನ ಲೈಕ್ ಒತ್ತಿದ್ರು.

ನಮ್ಮ ಉತ್ತರ ತಪ್ಪಾಗಿತ್ತು.

ದಶಮಾಂಶದ ಮೂರನೇ ಜಾಗದಲ್ಲಿ ಆದ ತಪ್ಪಲ್ಲ. ನಮ್ಮ ಪೋಸ್ಟರ್‌ನ ಕೆಳಗಡೆ ಬಲಮೂಲೆಯಲ್ಲಿ ಇದ್ದ ಸಂಖ್ಯೆ, ಭೂಮಿ ಮೇಲೆ ಯಾವ ಪ್ರೊಪೆಲ್ಲರ್‌ಗೂ ಆ ಸ್ಥಿತಿಯಲ್ಲಿ ಸಾಧ್ಯವೇ ಇಲ್ಲದ ಸಂಖ್ಯೆ. ಮೂವರು ಜಡ್ಜ್‌ಗಳು ನೋಡಿದ್ರು, ಎಷ್ಟೋ ಜನ ಸ್ಟೂಡೆಂಟ್ಸ್ ನೋಡಿದ್ರು, ನಾವು ನಾಲ್ಕು ಜನ ತಿಂಗಳುಗಟ್ಟಲೆ ನೋಡಿದ್ವಿ. ಯಾರೂ ಕೇಳಲಿಲ್ಲ.

ಈ ಲೇಖನ ಅದರ ಬಗ್ಗೆ. ನಾನು ಹೇಳೋಕೆ ಹೊರಟಿರೋದು ಇಷ್ಟು: ನಮ್ಮ ಕ್ಯಾಂಪಸ್‌ಗಳಲ್ಲಿ ಸಿಎಫ್‌ಡಿ ಪ್ರಾಜೆಕ್ಟ್‌ಗಳಿಗೆ ಮಾರ್ಕ್ಸ್ ಕೊಡೋ ರೀತಿ ಬದಲಾಗಬೇಕು. ಕೈಲೆಕ್ಕ, ಅಳತೆ, ಎರಡೂ ಇಲ್ಲದ ಬಣ್ಣದ ಚಿತ್ರಕ್ಕೆ ಮಾರ್ಕ್ಸ್ ಕೊಡೋದು ನಿಲ್ಲಬೇಕು. (ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಇಷ್ಟುದ್ದ ಕನ್ನಡದಲ್ಲಿ ಬರೀತಿರೋದು ಇದೇ ಮೊದಲು. ಒತ್ತಕ್ಷರ ಎಲ್ಲಾದ್ರೂ ತಪ್ಪಿದ್ರೆ ಎಡಿಟರ್ ಅಕ್ಕನ ಕಣ್ಣು ತಪ್ಪಿಸಿಕೊಂಡಿದೆ ಅಂದ್ಕೊಳ್ಳಿ.)

ಮಲ್ಪೆಯಲ್ಲಿ ಆಗಿದ್ದು

ತಪ್ಪು ಗೊತ್ತಾಗಿದ್ದು ಸೆಮಿಸ್ಟರ್ ರಜೆಯಲ್ಲಿ, ಮಲ್ಪೆಯಲ್ಲಿ. ನನ್ನ ಅಮ್ಮನ ತಮ್ಮ ಅಲ್ಲಿ ಮೀನುಗಾರಿಕೆ ಬೋಟ್‌ನಲ್ಲಿ ಪಾಲುದಾರರು. ಬಲೆ ಫ್ಯಾನಿಗೆ ಸುತ್ತಿಕೊಂಡು ಒಂದು ಬ್ಲೇಡ್ ಬಗ್ಗಿ, ಬೋಟನ್ನ ದಡಕ್ಕೆ ಎಳೆದಿದ್ರು. ಅಲ್ಲಿ ಪ್ರೊಪೆಲ್ಲರ್‌ಗೆ ಫ್ಯಾನು ಅಂತಲೇ ಹೇಳೋದು. ಬಿಚ್ಚಿ ನೆಲದ ಮೇಲೆ ಇಟ್ಟಿದ್ದ ಆ ಕಂಚಿನ ಫ್ಯಾನನ್ನ ನಾನು ಮೊದಲ ಸಲ ಮುಟ್ಟಿದೆ. ತಿಂಗಳುಗಟ್ಟಲೆ ಪ್ರೊಪೆಲ್ಲರ್ ಸಿಮ್ಯುಲೇಟ್ ಮಾಡಿದ್ದೆ, ಒಂದು ನಿಜವಾದ ಪ್ರೊಪೆಲ್ಲರ್ ಎಷ್ಟು ಭಾರ ಅನ್ನೋದು ಗೊತ್ತಿರಲಿಲ್ಲ. ಎತ್ತೋಕೆ ಹೋದೆ, ಅಲ್ಲಾಡಲಿಲ್ಲ.

ಬ್ಲೇಡಿನ ಅಂಚಿನ ಹತ್ತಿರ ಹುಳ ತಿಂದ ಹಾಗೆ ಸಣ್ಣ ಸಣ್ಣ ಗುಳಿ. ನಾನು ಜೋರಾಗಿ "ಮಾವ, ಇದು ಕ್ಯಾವಿಟೇಶನ್!" ಅಂದೆ. ಮಾವ ನಕ್ಕು, "ಝಿಂಕ್ ಕಟ್ಟೋದು ತಡ ಆದ್ರೂ ಹೀಗೇ ಆಗ್ತದೆ. ಉಪ್ಪುನೀರು ಅಲ್ವಾ. ನೀನು ನೋಡಿದ ಕೂಡಲೇ ಹೇಗೆ ಹೇಳಿದ್ದು?" ಅಂದ್ರು. ಉತ್ತರ ಇರಲಿಲ್ಲ. ಸಮುದ್ರದ ನೀರಿನಲ್ಲಿ ಎರಡು ಬೇರೆ ಲೋಹ ಜೊತೆಗಿದ್ರೆ ಒಂದು ಕರಗುತ್ತೆ, ಅದನ್ನ ತಡೆಯೋಕೆ ಝಿಂಕ್ ತುಂಡು ಕಟ್ತಾರೆ ಅಂತ ಪಿಯುಸಿ ಕೆಮಿಸ್ಟ್ರಿಯಲ್ಲಿ ಓದಿದ್ದೆ, ನೆನಪಾಗಿದ್ದು ಅವರು ಹೇಳಿದ ಮೇಲೆ.

ಆಮೇಲೆ ಫೋನ್ ತೆಗೆದು ನಮ್ಮ ಪೋಸ್ಟರ್ ತೋರಿಸಿದೆ.

"ಎಂತ ಮಾರಾಯ್ತಿ ಇದು, ಫ್ಯಾನಿಗೆ ಹೋಳಿ ಆಡಿಸಿದ್ದಾ?"

"ಅಲ್ಲ ಮಾವ, ಇದು ಪ್ರೆಶರ್ ಕಾಂಟೂರ್..."

"ಅಂದ್ರೆ?"

ಇಲ್ಲಿ ನಾನು ಸಿಕ್ಕಿಹಾಕಿಕೊಂಡೆ. ಮನೆಯಲ್ಲಿ ಅವರೆಲ್ಲ ತುಳು, ನನ್ನ ಜೊತೆ ಕನ್ನಡ. ನನ್ನ ಹತ್ತಿರ ಇದ್ದಿದ್ದೆಲ್ಲ ಇಂಗ್ಲಿಷ್ ಪದಗಳು. ಬೌಂಡರಿ ಲೇಯರ್, ಸಕ್ಷನ್ ಸೈಡ್, ಟರ್ಬುಲೆನ್ಸ್ ಮಾಡೆಲ್. ವೈವಾದಲ್ಲಿ ಈ ಪದಗಳನ್ನ ಒಂದರ ಹಿಂದೆ ಒಂದು ಹೇಳಿದ್ರೆ ಎದುರಿಗಿದ್ದವರು ತಲೆಯಾಡಿಸ್ತಾರೆ. ಮಾವ ತಲೆಯಾಡಿಸಲಿಲ್ಲ. ಕಷ್ಟಪಟ್ಟು, ನೀರನ್ನ ಹಿಂದಕ್ಕೆ ತಳ್ಳಿದ್ರೆ ಬೋಟು ಮುಂದಕ್ಕೆ ಹೋಗುತ್ತೆ, ಬ್ಲೇಡಿನ ಒಂದು ಮುಖದಲ್ಲಿ ಒತ್ತಡ ಕಮ್ಮಿ, ಇನ್ನೊಂದರಲ್ಲಿ ಜಾಸ್ತಿ, ಆ ವ್ಯತ್ಯಾಸವೇ ತಳ್ಳೋ ಬಲ ಅಂತೆಲ್ಲ ಹೇಳಿದೆ.

"ಸರಿ. ಎಂಜಿನಿನ ಬಲದಲ್ಲಿ ಎಷ್ಟು ಪಾಲು ತಳ್ಳೋದಕ್ಕೆ ಸಿಗ್ತದೆ ನಿನ್ನ ಫ್ಯಾನಲ್ಲಿ?"

"ನೂರಕ್ಕೆ ಎಪ್ಪತ್ತೆರಡು."

"ಅಷ್ಟುಂಟಾ? ಇಷ್ಟು ಬಲದಲ್ಲಿ ಎಳೆಯುವಾಗಲೂ? ನೀರಲ್ಲಿ ಇಟ್ಟು ನೋಡಿದ್ರಾ ನೀವು?"

ಇಲ್ಲ ಅಂದೆ. ಅವರು ಮುಂದೆ ಏನೂ ಕೇಳಲಿಲ್ಲ, ಮೆಕ್ಯಾನಿಕ್ ಬಂದ ಅಂತ ಎದ್ದು ಹೋದ್ರು. ನನಗೆ ಮಾತ್ರ ಊಟ ಸೇರಲಿಲ್ಲ.

ಒಂದು ಸಾಲಿನ ಲೆಕ್ಕ

ಆ ರಾತ್ರಿ ಪುಸ್ತಕ ತೆಗೆದೆ. ಪ್ರೊಪೆಲ್ಲರ್ ಬಗ್ಗೆ ಇರೋ ಅತಿ ಹಳೇ ಲೆಕ್ಕ ಒಂದಿದೆ. 1865ರಲ್ಲಿ ರ್ಯಾಂಕಿನ್ ಶುರು ಮಾಡಿದ್ದು, ಆಮೇಲೆ ಆರ್. ಇ. ಫ್ರೂಡ್ ಬೆಳೆಸಿದ್ದು. ಬ್ಲೇಡು, ಆಕಾರ, ಘರ್ಷಣೆ ಎಲ್ಲ ಮರೆತುಬಿಡಿ. ಪ್ರೊಪೆಲ್ಲರ್ ಅಂದ್ರೆ ನೀರನ್ನ ಹಿಂದಕ್ಕೆ ತಳ್ಳೋ ಒಂದು ತೆಳು ತಟ್ಟೆ ಅಂತ ಅಂದ್ಕೊಳ್ಳಿ. ಆ ತಟ್ಟೆ ಎಷ್ಟೇ ಪರ್ಫೆಕ್ಟ್ ಆಗಿದ್ರೂ, ಹಿಂದಕ್ಕೆ ಓಡೋ ನೀರು ತನ್ನ ಜೊತೆ ಒಂದಿಷ್ಟು ಶಕ್ತಿಯನ್ನ ತಗೊಂಡೇ ಹೋಗುತ್ತೆ. ಆ ಶಕ್ತಿ ವಾಪಸ್ ಬರಲ್ಲ. ಸಣ್ಣ ತಟ್ಟೆಯಿಂದ ಜಾಸ್ತಿ ಬಲ ಕೇಳಿದಷ್ಟೂ ನೀರನ್ನ ಜೋರಾಗಿ ಎಸೀಬೇಕು, ನಷ್ಟವೂ ಜಾಸ್ತಿ. ಇದು ದಾಟೋಕೆ ಆಗದ ಗೆರೆ. ನಿಜವಾದ ಪ್ರೊಪೆಲ್ಲರ್ ಯಾವಾಗಲೂ ಈ ಗೆರೆಯ ಕೆಳಗೇ ಇರುತ್ತೆ, ಯಾಕೆಂದ್ರೆ ಅದಕ್ಕೆ ಘರ್ಷಣೆಯೂ ಇದೆ, ನೀರನ್ನ ತಿರುಗಿಸೋದರಲ್ಲೂ ಶಕ್ತಿ ಹೋಗುತ್ತೆ.

ನಮ್ಮ ಸಿಮ್ಯುಲೇಶನ್‌ನಲ್ಲಿ ಜೆ, ಅಂದ್ರೆ ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗೋ ದೂರವನ್ನ ಅದರ ವ್ಯಾಸದಿಂದ ಭಾಗಿಸಿದ್ದು, 0.5. ತಳ್ಳೋ ಬಲದ ಗುಣಾಂಕ 0.25. ಇವೆರಡನ್ನ ಆ ಹಳೇ ಲೆಕ್ಕಕ್ಕೆ ಹಾಕಿದೆ. ಕ್ಯಾಲ್ಕ್ಯುಲೇಟರ್‌ನಲ್ಲಿ ಒಂದು ನಿಮಿಷದ ಕೆಲಸ. ಬಂದ ಉತ್ತರ ಶೇಕಡಾ 69.

ಪರ್ಫೆಕ್ಟ್ ತಟ್ಟೆಗೇ ಶೇಕಡಾ 69 ಗರಿಷ್ಠ. ನಮ್ಮದು 72. ನಾವು ಟ್ರೋಫಿ ಹಿಡ್ಕೊಂಡು ಫೋಟೋ ತೆಗೆಸಿಕೊಂಡಿದ್ದು ಪ್ರಕೃತಿಯ ನಿಯಮ ಮುರಿದಿದ್ದಕ್ಕೆ.

ತಪ್ಪು ಎಲ್ಲಿತ್ತು ಅಂತ ಹುಡುಕೋಕೆ ಎರಡು ದಿನ ಬೇಕಾಯ್ತು. ಮೆಶ್ ನೋಡಿದ್ವಿ, ಸೆಟ್ಟಿಂಗ್ಸ್ ನೋಡಿದ್ವಿ. ಕೊನೆಗೆ ಸಿಕ್ಕಿದ್ದು ಎಂಥ ಪೆದ್ದುತನ ಗೊತ್ತಾ? ಸಾಫ್ಟ್‌ವೇರ್‌ನಲ್ಲಿ ತಳ್ಳೋ ಬಲಕ್ಕೆ ಒಂದು ರಿಪೋರ್ಟ್, ಟಾರ್ಕ್‌ಗೆ ಇನ್ನೊಂದು ರಿಪೋರ್ಟ್ ಮಾಡಿದ್ವಿ. ಮೊದಲನೇದರಲ್ಲಿ ನಾಲ್ಕೂ ಬ್ಲೇಡ್‌ಗೆ ಟಿಕ್ ಹಾಕಿದ್ವಿ. ಎರಡನೇದರಲ್ಲಿ ಮೂರಕ್ಕೇ ಹಾಕಿದ್ವಿ. ಒಂದು ಬ್ಲೇಡಿನ ಟಾರ್ಕ್ ಲೆಕ್ಕಕ್ಕೇ ಬಂದಿರಲಿಲ್ಲ. ಟಾರ್ಕ್ ಮುಕ್ಕಾಲು ಆದ್ರೆ ದಕ್ಷತೆ ಮೂರನೇ ಒಂದರಷ್ಟು ಜಾಸ್ತಿ ಕಾಣುತ್ತೆ. ಸರಿಮಾಡಿದ ಮೇಲೆ ಬಂದಿದ್ದು ಶೇಕಡಾ 54.

ಗಮನಿಸಿ, ಚಿತ್ರದಲ್ಲಿ ಒಂದು ಪಿಕ್ಸೆಲ್ ಕೂಡ ಬದಲಾಗಲಿಲ್ಲ. 72 ಇದ್ದಾಗಲೂ ಅದೇ ಕೆಂಪು, ಅದೇ ನೀಲಿ. 54 ಬಂದಾಗಲೂ ಅದೇ. ಬಣ್ಣ ಎಷ್ಟೇ ಚೆನ್ನಾಗಿದ್ರೂ ಅದಕ್ಕೆ ಈ ತಪ್ಪು ಹೇಳೋಕೆ ಬರಲ್ಲ.

ಆ ಚಿತ್ರದ ಒಳಗೆ ಎಷ್ಟು ಊಹೆ ಇದೆ

ಸಿಎಫ್‌ಡಿ ಸುಳ್ಳು ಅಂತ ನಾನು ಹೇಳ್ತಿಲ್ಲ. ಅದು ಏನು ಮಾಡುತ್ತೆ ಅಂತ ನಮಗೇ ಸರಿಯಾಗಿ ಗೊತ್ತಿಲ್ಲ ಅಂತ ಹೇಳ್ತಿದೀನಿ.

ನೀರಿನ ಚಲನೆಗೆ ನೇವಿಯರ್-ಸ್ಟೋಕ್ಸ್ ಸಮೀಕರಣ ಇದೆ, ಥರ್ಡ್ ಸೆಮ್‌ನಲ್ಲಿ ಎಲ್ಲರೂ ಬರೆದು ಬಂದಿದೀವಿ. ಮೂರು ಆಯಾಮದಲ್ಲಿ ಅದಕ್ಕೆ ಯಾವಾಗಲೂ ನಯವಾದ ಪರಿಹಾರ ಇರುತ್ತಾ ಅನ್ನೋ ಪ್ರಶ್ನೆಗೆ ಕ್ಲೇ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿದೆ. ಯಾರೂ ಇನ್ನೂ ಗೆದ್ದಿಲ್ಲ. ಕೈಯಲ್ಲಿ ಬಿಡಿಸೋಕೆ ಆಗಲ್ಲ, ಅದಕ್ಕೆ ನೀರನ್ನ ಸಣ್ಣ ಸಣ್ಣ ಡಬ್ಬಿಗಳಾಗಿ ಕತ್ತರಿಸಿ ಕಂಪ್ಯೂಟರ್‌ಗೆ ಕೊಡ್ತೀವಿ. ನಮ್ಮ ಮಾಡೆಲ್‌ನಲ್ಲಿ 28 ಲಕ್ಷ ಡಬ್ಬಿ ಇತ್ತು. ದೊಡ್ಡ ಸಂಖ್ಯೆ ಅನ್ನಿಸುತ್ತೆ ಅಲ್ವಾ? ನೀರಿನ ಪ್ರತಿ ಸಣ್ಣ ಸುಳಿಯನ್ನೂ ನಿಜವಾಗಿ ಹಿಡಿಯಬೇಕು ಅಂದ್ರೆ ಬೇಕಾಗೋ ಡಬ್ಬಿಗಳ ಸಂಖ್ಯೆ ರೆನಾಲ್ಡ್ಸ್ ನಂಬರ್‌ನ ನಾಲ್ಕನೇ ಒಂಬತ್ತರ ಘಾತದಷ್ಟು ಬೆಳೆಯುತ್ತೆ. ದೊಡ್ಡ ಹಡಗಿನ ಬ್ಲೇಡಿಗೆ ರೆನಾಲ್ಡ್ಸ್ ನಂಬರ್ ಒಂದು ಕೋಟಿ ದಾಟುತ್ತೆ. ಒಂದು ಕೋಟಿ ಅಂತಲೇ ಇಟ್ಟುಕೊಂಡ್ರೂ ಸುಮಾರು ಐದೂವರೆ ಸಾವಿರ ಲಕ್ಷ ಕೋಟಿ ಡಬ್ಬಿ ಬೇಕು. ನಮ್ಮ ಲ್ಯಾಬ್ ಕಂಪ್ಯೂಟರ್ ಬಿಡಿ, ಯಾವ ಡಿಸೈನ್ ಆಫೀಸಿನಲ್ಲೂ ಇದು ಆಗೋ ಮಾತಲ್ಲ.

ಹಾಗಾಗಿ ಏನು ಮಾಡ್ತಾರೆ? ಸರಾಸರಿ ತಗೋತಾರೆ. ಸುಳಿಗಳನ್ನ ಬಿಡಿಬಿಡಿಯಾಗಿ ಲೆಕ್ಕ ಹಾಕೋ ಬದಲು, ಅವೆಲ್ಲ ಸೇರಿ ಒಟ್ಟಾರೆ ಏನು ಪರಿಣಾಮ ಮಾಡ್ತವೆ ಅಂತ ಒಂದು ಮಾಡೆಲ್ ಕಟ್ತಾರೆ. ನಾವೆಲ್ಲ ಡ್ರಾಪ್‌ಡೌನ್‌ನಲ್ಲಿ ಕಣ್ಣುಮುಚ್ಚಿ ಆರಿಸೋ ಕೆ-ಒಮೇಗಾ ಎಸ್‌ಎಸ್‌ಟಿ ಇದೆಯಲ್ಲ, 1994ರಲ್ಲಿ ಮೆಂಟರ್ ಪ್ರಕಟಿಸಿದ್ದು, ಅದು ಇಂಥ ಮಾಡೆಲ್. ಅದರೊಳಗೆ ಹಲವು ಸ್ಥಿರಾಂಕಗಳಿವೆ. ಅವು ಗುರುತ್ವದ 9.81ರ ಥರ ಪ್ರಕೃತಿ ಕೊಟ್ಟಿದ್ದಲ್ಲ. ಸರಳ ಹರಿವುಗಳಲ್ಲಿ ಅಳೆದು, ಅದಕ್ಕೆ ಹೊಂದೋ ಹಾಗೆ ಆರಿಸಿದ್ದು. ಅಂದ್ರೆ ನಮ್ಮ "ಶುದ್ಧ ಲೆಕ್ಕ"ದ ಹೊಟ್ಟೆಯೊಳಗೇ ಯಾರೋ ಲ್ಯಾಬ್‌ನಲ್ಲಿ ನೀರು, ಗಾಳಿ ಅಳೆದ ಕೆಲಸ ಕೂತಿದೆ.

ಆಮೇಲೆ ಗೋಡೆಯ ಹತ್ತಿರದ ಕಥೆ. ಬ್ಲೇಡಿಗೆ ಅಂಟಿಕೊಂಡ ನೀರು ಬ್ಲೇಡಿನ ಜೊತೆಗೇ ಹೋಗುತ್ತೆ, ಸ್ವಲ್ಪ ಆಚೆ ಬಂದ್ರೆ ವೇಗ ಪೂರ್ತಿ ಬದಲು. ಈ ತೆಳು ಪದರದಲ್ಲಿ ಮೊದಲ ಡಬ್ಬಿ ಎಷ್ಟು ದೂರದಲ್ಲಿದೆ ಅನ್ನೋದನ್ನ ವೈ ಪ್ಲಸ್ ಅಂತ ಅಳೀತಾರೆ. ಪದರವನ್ನ ಪೂರ್ತಿ ಬಿಡಿಸೋದಾದ್ರೆ ಅದು ಸುಮಾರು 1 ಇರಬೇಕು. ವಾಲ್ ಫಂಕ್ಷನ್ ಬಳಸೋದಾದ್ರೆ 30ಕ್ಕಿಂತ ಮೇಲೆ ಇರಬೇಕು. ಮಧ್ಯದಲ್ಲಿ ಇದ್ರೆ ಆ ಕಡೆಯೂ ಅಲ್ಲ ಈ ಕಡೆಯೂ ಅಲ್ಲ. ನಮ್ಮದು ಎಷ್ಟಿತ್ತು ಅಂತ ಫೆಸ್ಟ್ ಮುಗಿದ ಮೇಲೆ ನೋಡಿದ್ವಿ. ಸರಾಸರಿ 18.

ಇನ್ನೊಂದು ವಿಷಯ ಕೇಳಿದ್ರೆ ನಗ್ತೀರ. ನಮ್ಮ ವಿಡಿಯೋದಲ್ಲಿ ಪ್ರೊಪೆಲ್ಲರ್ ಗಿರಗಿರ ತಿರುಗುತ್ತೆ. ಆದರೆ ಲೆಕ್ಕದಲ್ಲಿ ಅದು ತಿರುಗಿರಲೇ ಇಲ್ಲ. ಎಂಆರ್‌ಎಫ್ ಅನ್ನೋ ವಿಧಾನದಲ್ಲಿ ಬ್ಲೇಡನ್ನ ನಿಲ್ಲಿಸಿ, ಅದರ ಸುತ್ತಲಿನ ಸಮೀಕರಣಗಳನ್ನ ತಿರುಗೋ ಚೌಕಟ್ಟಿನಲ್ಲಿ ಬರೀತಾರೆ. ನಾವು ಜೈಂಟ್ ವೀಲ್ ಮೇಲೆ ಕೂತು ಊರನ್ನೇ ತಿರುಗಿಸಿದ ಹಾಗೆ. ಮುಂದಿನಿಂದ ನೀರು ಒಂದೇ ಸಮ ಬರ್ತಾ ಇದ್ರೆ ಇದು ಸರಿಯಾದ ವಿಧಾನವೇ, ಸಮಯವೂ ತುಂಬ ಉಳಿಯುತ್ತೆ. ಆದರೆ ನಿಜವಾದ ಹಡಗಿನಲ್ಲಿ ಪ್ರೊಪೆಲ್ಲರ್ ಇರೋದು ಹಿಂದುಗಡೆ, ಹಡಗಿನ ಮೈ ಸವರಿಕೊಂಡು ಬಂದ ನಿಧಾನದ ನೀರಿನಲ್ಲಿ. ಪ್ರತಿ ಬ್ಲೇಡು ಮೇಲೆ ಬಂದಾಗ ಒಂದು ವೇಗದ ನೀರು, ಕೆಳಗೆ ಹೋದಾಗ ಇನ್ನೊಂದು. ಅಲ್ಲಿ ಮೆಶ್ಶನ್ನೇ ನಿಜವಾಗಿ ತಿರುಗಿಸಬೇಕು, ಅದಕ್ಕೆ ಗಂಟೆಗಳ ಬದಲು ದಿನಗಳು ಬೇಕು. ನಾವು "ಹಡಗಿನ ಪ್ರೊಪೆಲ್ಲರ್" ಅಂತ ಟೈಟಲ್ ಕೊಟ್ಟಿದ್ವಿ. ಹಡಗೇ ಇರಲಿಲ್ಲ!

ಕೊನೆಯದು, ಆ ಗಾಢ ನೀಲಿ ಬಣ್ಣ. 25 ಡಿಗ್ರಿಯಲ್ಲಿ ನೀರಿನ ಮೇಲಿನ ಒತ್ತಡ ವಾತಾವರಣದ ಒತ್ತಡದ ಸುಮಾರು ಮೂವತ್ತರಲ್ಲಿ ಒಂದು ಪಾಲಿಗೆ ಇಳಿದ್ರೆ, ನೀರು ತಣ್ಣಗಿದ್ದ ಹಾಗೇ ಕುದಿಯುತ್ತೆ. ವೇಗದ ಬ್ಲೇಡಿನ ಮೇಲೆ ಆಗೋದು ಇದೇ, ಇದೇ ಕ್ಯಾವಿಟೇಶನ್. ಹುಟ್ಟಿದ ಗುಳ್ಳೆಗಳು ಒತ್ತಡ ಜಾಸ್ತಿ ಇರೋ ಕಡೆ ಹೋಗಿ ಒಡೆದಾಗ ಲೋಹವನ್ನೇ ಕೊರೀತವೆ, ಸದ್ದು ಮಾಡ್ತವೆ, ಹಡಗನ್ನ ನಡುಗಿಸ್ತವೆ. ನಾವು ಬಳಸಿದ ಸಾಮಾನ್ಯ ಸಾಲ್ವರ್‌ಗೆ ಕುದಿಯೋದು ಅಂದ್ರೆ ಏನು ಅಂತಲೇ ಗೊತ್ತಿಲ್ಲ. ನಾವಾಗಿ ಹೇಳಿಕೊಡದ ಹೊರತು ಅದರ ನೀರು ಎಷ್ಟು ಕಮ್ಮಿ ಒತ್ತಡಕ್ಕಾದ್ರೂ ಇಳಿದು, ನೀರಾಗೇ ಇರುತ್ತೆ.

ಪಾರ್ಸನ್ಸ್ ಮಾಡಿದ್ದು

ಈ ವಿಷಯದಲ್ಲಿ ನನಗೆ ತುಂಬ ಇಷ್ಟವಾದ ಮನುಷ್ಯ ಚಾರ್ಲ್ಸ್ ಪಾರ್ಸನ್ಸ್, ಸ್ಟೀಮ್ ಟರ್ಬೈನ್ ಕಂಡುಹಿಡಿದವರು. 1894ರಲ್ಲಿ ಟರ್ಬಿನಿಯಾ ಅನ್ನೋ ಹಡಗನ್ನ ನೀರಿಗಿಳಿಸಿದ್ರು. ಟರ್ಬೈನ್‌ನಲ್ಲಿ ಬೇಕಾದಷ್ಟು ಶಕ್ತಿ ಇತ್ತು, ಹಡಗು ಮಾತ್ರ 20 ನಾಟ್ ಕೂಡ ದಾಟಲಿಲ್ಲ. ಪ್ರೊಪೆಲ್ಲರ್ ಮೇಲೆ ಪ್ರೊಪೆಲ್ಲರ್ ಬದಲಾಯಿಸಿದ್ರು, ಆಗಲಿಲ್ಲ. ಆಗಿನ ಕಾಲದ ಲೆಕ್ಕಗಳಲ್ಲಿ ಕ್ಯಾವಿಟೇಶನ್‌ಗೆ ಜಾಗವೇ ಇರಲಿಲ್ಲ. ಬ್ರಿಟಿಷ್ ನೌಕಾಪಡೆಯ ಡೇರಿಂಗ್ ಅನ್ನೋ ಹಡಗಿಗೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇದೇ ತೊಂದರೆ ಬಂದಿತ್ತು.

ಪಾರ್ಸನ್ಸ್ 1895ರಲ್ಲಿ ಒಂದು ಸಣ್ಣ ನೀರಿನ ಸುರಂಗ ಕಟ್ಟಿದ್ರು. ಟೇಬಲ್ ಮೇಲೆ ಕೂರೋ ಅಷ್ಟೇ ಗಾತ್ರ, ಒಳಗೆ ಎರಡು ಇಂಚಿನ ಪ್ರೊಪೆಲ್ಲರ್. ನೀರನ್ನ ಬಿಸಿ ಮಾಡಿ, ಮೇಲಿನ ಗಾಳಿಯನ್ನ ಎಳೆದು, ಕಮ್ಮಿ ವೇಗದಲ್ಲೇ ಗುಳ್ಳೆ ಹುಟ್ಟೋ ಹಾಗೆ ಮಾಡಿದ್ರು. ಪ್ರೊಪೆಲ್ಲರ್ ತಿರುಗೋ ವೇಗಕ್ಕೆ ಸರಿಯಾಗಿ ಕನ್ನಡಿಯಿಂದ ಬೆಳಕನ್ನ ಮಿಂಚಿಸಿ, ತಿರುಗ್ತಿರೋ ಬ್ಲೇಡನ್ನ ನಿಂತ ಹಾಗೆ ಕಾಣಿಸಿದ್ರು. ಬ್ಲೇಡಿನ ಮೇಲೆ ನೀರೇ ಇಲ್ಲ, ಆವಿಯ ಪೊಳ್ಳು ಇದೆ ಅನ್ನೋದು ಕಣ್ಣಿಗೇ ಕಂಡಿತು. ಆಮೇಲೆ ಕೆಲಸವನ್ನ ಹೆಚ್ಚು ಬ್ಲೇಡುಗಳಿಗೆ ಹಂಚಿದ್ರು: ಒಂದು ಶಾಫ್ಟ್ ಬದಲು ಮೂರು, ಪ್ರತಿಯೊಂದರ ಮೇಲೂ ಮೂರು ಪ್ರೊಪೆಲ್ಲರ್, ಒಟ್ಟು ಒಂಬತ್ತು. 1897ರ ಜೂನ್ 26ಕ್ಕೆ ಸ್ಪಿಟ್‌ಹೆಡ್‌ನಲ್ಲಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ನೌಕಾ ಪರೇಡ್ ನಡೀತಿದ್ದಾಗ ಟರ್ಬಿನಿಯಾ ಆ ಹಡಗುಗಳ ಸಾಲಿನ ನಡುವೆ ನುಗ್ಗಿ ಓಡಿತು. ಆ ವರ್ಷ ಅದು ಮುಟ್ಟಿದ ವೇಗ 34 ನಾಟ್‌ಗೂ ಮೇಲೆ. ನೌಕಾಪಡೆಯ ದೋಣಿಗಳಿಗೆ ಅದನ್ನ ಹಿಡಿಯೋಕೆ ಆಗಲಿಲ್ಲ. ಆ ಹಡಗು ಈಗಲೂ ನ್ಯೂಕಾಸಲ್‌ನ ಡಿಸ್ಕವರಿ ಮ್ಯೂಸಿಯಂನಲ್ಲಿದೆ.

ಅವರಿಗೆ ಕಂಪ್ಯೂಟರ್ ಇರಲಿಲ್ಲ, ಅದಕ್ಕೆ ಸುರಂಗ ಕಟ್ಟಿದ್ರು, ನಮಗೆ ಯಾಕೆ ಬೇಕು ಅನ್ನಬಹುದು. ಕಂಪ್ಯೂಟರ್ ಇರೋರು ಏನು ಮಾಡ್ತಾರೆ ನೋಡಿ. ಜರ್ಮನಿಯ ಪೋಟ್ಸ್‌ಡಾಮ್‌ನ ಎಸ್‌ವಿಎ ಸಂಸ್ಥೆ ಒಂದು ಪ್ರೊಪೆಲ್ಲರ್‌ನ ಪೂರ್ತಿ ಆಕಾರವನ್ನ ಎಲ್ಲರಿಗೂ ಕೊಟ್ಟು, 2011ರಲ್ಲಿ ಹ್ಯಾಂಬರ್ಗ್‌ನ ಕಾರ್ಯಾಗಾರಕ್ಕೆ ಲೆಕ್ಕ ಹಾಕಿ ಕಳಿಸಿ ಅಂತು. ಅಳತೆಯ ಫಲಿತಾಂಶ ಮೊದಲೇ ತೋರಿಸಲಿಲ್ಲ. ಬೇರೆ ಬೇರೆ ದೇಶದ ತಂಡಗಳು ಉತ್ತರ ಕಳಿಸಿದ ಮೇಲೆ ಪಕ್ಕಪಕ್ಕ ಇಟ್ಟು ನೋಡಿದ್ರು. ಸಾಧಾರಣ ಹರಿವಿನಲ್ಲಿ ಹೆಚ್ಚಿನವರ ತಳ್ಳೋ ಬಲ ಅಳತೆಗೆ ಹತ್ತಿರ ಇತ್ತು. ಕ್ಯಾವಿಟೇಶನ್ ಬಂದ ಕಡೆ ಉತ್ತರಗಳು ಚೆಲ್ಲಾಪಿಲ್ಲಿಯಾದ್ವು. ಇದರಿಂದ ಯಾರ ಮರ್ಯಾದೆಯೂ ಹೋಗಲಿಲ್ಲ. ಎಲ್ಲಿ ನಂಬಬಹುದು, ಎಲ್ಲಿ ನಂಬಬಾರದು ಅಂತ ಗೊತ್ತಾಯ್ತು. ನಮ್ಮ ದೇಶದಲ್ಲೂ ವಿಶಾಖಪಟ್ಟಣದ ಎನ್‌ಎಸ್‌ಟಿಎಲ್‌ನಲ್ಲಿ ಕ್ಯಾವಿಟೇಶನ್ ಟನಲ್ ಇದೆ, ಮದ್ರಾಸ್ ಮತ್ತು ಖರಗ್‌ಪುರ ಐಐಟಿಗಳಲ್ಲಿ ಟೋಯಿಂಗ್ ಟ್ಯಾಂಕ್ ಇದೆ. ಸೂಪರ್‌ಕಂಪ್ಯೂಟರ್ ಬಂದ ಮೇಲೂ ಯಾರೂ ಅವನ್ನ ಮುಚ್ಚಿಲ್ಲ.

"ಎಲ್ಲರೂ ಹೀಗೇ ಮಾಡೋದು"

ಇದನ್ನೆಲ್ಲ ಸೀನಿಯರ್ಸ್ ಹತ್ತಿರ ಹೇಳಿದಾಗ ಬಂದ ಉತ್ತರಗಳು ಮೂರು.

ಒಂದು: "ಎಲ್ಲರೂ ಹೀಗೇ ಮಾಡೋದು." ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಅದೇ ನನ್ನ ದೂರು.

ಎರಡು: "ಅಳೆಯೋಕೆ ದುಡ್ಡೆಲ್ಲಿದೆ? ಅಳೆಯೋಕಾಗಲ್ಲ ಅಂತಲೇ ತಾನೇ ಸಿಎಫ್‌ಡಿ ಮಾಡೋದು?" ಇದು ನ್ಯಾಯವಾದ ಪ್ರಶ್ನೆ. ಎಲ್ಲರೂ ಟನಲ್ ಕಟ್ಟೋಕಾಗಲ್ಲ ನಿಜ. ಆದರೆ ಬೇರೆಯವರು ಅಳೆದಿಟ್ಟಿದ್ದು ಇದೆಯಲ್ಲ. ನೆದರ್‌ಲ್ಯಾಂಡ್ಸ್‌ನ ವ್ಯಾಗೆನಿಂಗನ್‌ನಲ್ಲಿ ನೂರಕ್ಕೂ ಹೆಚ್ಚು ಪ್ರೊಪೆಲ್ಲರ್ ಮಾದರಿಗಳನ್ನ ದಶಕಗಳ ಕಾಲ ನೀರಿನಲ್ಲಿ ಪರೀಕ್ಷೆ ಮಾಡಿ, 1975ರ ಹೊತ್ತಿಗೆ ಅದನ್ನೆಲ್ಲ ಸೂತ್ರಗಳಾಗಿ ಪ್ರಕಟಿಸಿದ್ರು. ಬಿ-ಸೀರೀಸ್ ಅಂತ ಹೆಸರು. ನಾವು ಸಿಮ್ಯುಲೇಟ್ ಮಾಡಿದ್ದೂ ಅದರದ್ದೇ ಒಂದು ನಾಲ್ಕು ಬ್ಲೇಡಿನ ಪ್ರೊಪೆಲ್ಲರ್! ಉತ್ತರ ಅಲ್ಲೇ ಇತ್ತು. ಹೋಲಿಸಬೇಕು ಅಂತ ತಲೆಗೇ ಹೋಗಲಿಲ್ಲ, ಯಾಕೆಂದ್ರೆ ಯಾರೂ ಕೇಳ್ತಿರಲಿಲ್ಲ. ಈಗ ಹೋಲಿಸಿದ್ವಿ. ತಳ್ಳೋ ಬಲ ಹತ್ತಿರ ಇದೆ. ಟಾರ್ಕ್ ನಮ್ಮದು ಇನ್ನೂ ಶೇಕಡಾ ಐದರಷ್ಟು ಜಾಸ್ತಿ. ಸಣ್ಣ ಮಾದರಿಯ ಬ್ಲೇಡಿನ ಮೇಲೆ ಸ್ವಲ್ಪ ದೂರ ನೀರು ಶಾಂತವಾಗಿ ಹರಿಯುತ್ತೆ, ನಮ್ಮ ಮಾಡೆಲ್ ಮಾತ್ರ ಎಲ್ಲ ಕಡೆ ಟರ್ಬುಲೆಂಟ್ ಅಂದ್ಕೊಂಡು ಘರ್ಷಣೆ ಜಾಸ್ತಿ ಲೆಕ್ಕ ಹಾಕುತ್ತೆ. ಕಾರಣ ಇದಿರಬಹುದು, ಇಲ್ಲಾ ನಮ್ಮ 18ರ ವೈ ಪ್ಲಸ್ ಇರಬಹುದು. ಹೊಸ ಮೆಶ್ ಮಾಡಿ ನೋಡ್ತಿದೀವಿ. ನಿಜ ಹೇಳಬೇಕಂದ್ರೆ ಬಹುಮಾನ ಬಂದಿದ್ದಕ್ಕಿಂತ ಈ ಐದು ಪರ್ಸೆಂಟ್ ಹಿಂದೆ ಬಿದ್ದಿರೋದರಲ್ಲಿ ಜಾಸ್ತಿ ಕಲ್ತಿದೀನಿ.

ಮೂರು: "ಸೆಕೆಂಡ್ ಇಯರ್ ಪ್ರಾಜೆಕ್ಟ್ ತಾನೇ, ಯಾರಿಗೇನು ನಷ್ಟ?" ಇವತ್ತು ನಷ್ಟ ಇಲ್ಲ. ಆದರೆ ಇನ್ನು ಮೂರು ವರ್ಷಕ್ಕೆ ನಾವೇ ಯಾವುದೋ ಕಂಪನಿಯಲ್ಲಿ ಕೂತು ಇದೇ ಬಟನ್ ಒತ್ತುತ್ತೀವಿ. ಜಗತ್ತಿನ ಹಸಿರುಮನೆ ಅನಿಲದಲ್ಲಿ ಶೇಕಡಾ 3ರ ಹತ್ತಿರ ಹಡಗುಗಳದ್ದು ಅಂತ ಅಂತರರಾಷ್ಟ್ರೀಯ ಕಡಲ ಸಂಸ್ಥೆಯೇ 2018ರ ಲೆಕ್ಕ ಕೊಟ್ಟಿದೆ. 2023ರಿಂದ ಹಡಗುಗಳಿಗೆ ಇಂಗಾಲದ ರೇಟಿಂಗ್ ಬಂದಿದೆ. ಹಳೇ ಹಡಗಿಗೆ ಹೊಸ ಪ್ರೊಪೆಲ್ಲರ್ ಹಾಕಿದ್ರೆ ಎಷ್ಟು ಇಂಧನ ಉಳಿಯುತ್ತೆ ಅನ್ನೋದನ್ನ ಇಂಥ ಸಿಮ್ಯುಲೇಶನ್ ನೋಡೇ ತೀರ್ಮಾನ ಮಾಡ್ತಾರೆ. ಆಗ ಒಂದು ಬ್ಲೇಡಿಗೆ ಟಿಕ್ ಹಾಕೋದು ಮರೆತ್ರೆ? ಮಾವನ ಬೋಟಿನಲ್ಲಿ ಫ್ಯಾನು ಸರಿಯಿಲ್ಲ ಅಂದ್ರೆ ಡೀಸೆಲ್ ಬಿಲ್ ಅವರಿಗೆ ಮರುದಿನವೇ ಹೇಳುತ್ತೆ. ನಮಗೆ ಯಾರು ಹೇಳ್ತಾರೆ?

ಹಾಗಾದ್ರೆ ಏನು ಮಾಡಬೇಕು

ನಮ್ಮ ಡಿಪಾರ್ಟ್‌ಮೆಂಟ್‌ಗೂ, ಫೆಸ್ಟ್ ನಡೆಸೋ ಎಲ್ಲ ಕ್ಲಬ್‌ಗಳಿಗೂ ನನ್ನ ಬೇಡಿಕೆ ನಾಲ್ಕು.

ಮೊದಲನೇದು, ಪ್ರತಿ ಸಿಮ್ಯುಲೇಶನ್ ಪ್ರಾಜೆಕ್ಟ್‌ನಲ್ಲಿ ಒಂದು ಪುಟ ಕೈಲೆಕ್ಕ ಕಡ್ಡಾಯ ಆಗಲಿ. ಉತ್ತರ ಎಷ್ಟರಿಂದ ಎಷ್ಟರ ಒಳಗೆ ಇರಬೇಕು, ಯಾವ ಗೆರೆ ದಾಟಬಾರದು ಅಂತ ಸಾಫ್ಟ್‌ವೇರ್ ತೆರೆಯೋ ಮೊದಲೇ ಬರೆದಿಡಬೇಕು.

ಎರಡನೇದು, ಒಂದೇ ಮೆಶ್‌ನ ಉತ್ತರಕ್ಕೆ ಬೆಲೆ ಬೇಡ. ಒರಟು, ಮಧ್ಯಮ, ನಯ, ಮೂರು ಮೆಶ್‌ನಲ್ಲಿ ಓಡಿಸಿ ಉತ್ತರ ಎಷ್ಟು ಅಲ್ಲಾಡುತ್ತೆ ಅಂತ ತೋರಿಸಬೇಕು. ಒರಟು ಮೆಶ್‌ನಲ್ಲಿ ಬ್ಲೇಡ್ ತುದಿಯ ಸುಳಿ ಸ್ವಲ್ಪ ದೂರಕ್ಕೇ ಮಾಯವಾಗುತ್ತೆ. ಅದು ನೀರಿನ ಗುಣ ಅಲ್ಲ, ಮೆಶ್ ಮಾಡೋ ಕೆಲಸ.

ಮೂರನೇದು, ಅಳತೆ. ಪ್ರಕಟವಾದ ಅಳತೆಯ ಜೊತೆ ಹೋಲಿಸಿ, ಇಲ್ಲದಿದ್ರೆ ನೀವೇ ಅಳೀರಿ. ಸಿವಿಲ್ ಬ್ಲಾಕಿನ ಹೈಡ್ರಾಲಿಕ್ಸ್ ಲ್ಯಾಬ್‌ನಲ್ಲಿ ಉದ್ದದ ನೀರಿನ ಕಾಲುವೆ ಇದೆ, ವರ್ಷಕ್ಕೆ ಕೆಲವು ಪ್ರಾಕ್ಟಿಕಲ್ ಬಿಟ್ರೆ ಖಾಲಿ. ತ್ರೀಡಿ ಪ್ರಿಂಟರ್ ಇದೆ. ಅಡುಗೆಮನೆ ತಕ್ಕಡಿಯಲ್ಲಿ ಇರುತ್ತಲ್ಲ, ಅಂಥ ಲೋಡ್ ಸೆಲ್‌ಗೆ ಕೆಲವು ನೂರು ರೂಪಾಯಿ. ಒಂದು ಸಣ್ಣ ಮೋಟಾರ್. ಇಷ್ಟರಲ್ಲಿ ತಳ್ಳೋ ಬಲವನ್ನ ಒರಟಾಗಿಯಾದ್ರೂ ಅಳೀಬಹುದು. ಇಪ್ಪತ್ತು ಪರ್ಸೆಂಟ್ ಆಚೀಚೆ ಆದ್ರೂ ಪರವಾಗಿಲ್ಲ. ನಮ್ಮ ತಪ್ಪು ಅದಕ್ಕಿಂತ ದೊಡ್ಡದಾಗಿತ್ತು.

ನಾಲ್ಕನೇದು ಸ್ವಲ್ಪ ವಿಚಿತ್ರ ಅನ್ನಿಸಬಹುದು. ವೈವಾದಲ್ಲಿ ಐದು ನಿಮಿಷ ಕನ್ನಡದಲ್ಲಿ ಅಥವಾ ನಿಮ್ಮ ಮನೆಮಾತಲ್ಲಿ, ಎಂಜಿನಿಯರಿಂಗ್ ಓದದವರಿಗೆ ಹೇಳೋ ಹಾಗೆ ಹೇಳಿ ಅಂತ ಕೇಳಿ. ಇದು ಭಾಷಾಭಿಮಾನಕ್ಕೆ ಹೇಳ್ತಿರೋದಲ್ಲ. ಟರ್ಬುಲೆನ್ಸ್ ಅನ್ನೋದಕ್ಕೆ ಕನ್ನಡ ಪದ ಹುಡುಕಿ ಅಂತಲೂ ಅಲ್ಲ, ಟರ್ಬುಲೆನ್ಸ್ ಅಂತಲೇ ಅನ್ನಿ. ಆದರೆ ಗೊತ್ತಿಲ್ಲದ್ದನ್ನ ಇಂಗ್ಲಿಷ್ ಪದದ ಹಿಂದೆ ಬಚ್ಚಿಡೋದು ನನ್ನಂಥ ಇಂಗ್ಲಿಷ್ ಮೀಡಿಯಂನವರಿಗೆ ತುಂಬ ಸುಲಭ, ನಾನೇ ಮಾಡಿದೀನಿ. "ಅಂದ್ರೆ?" ಅಂತ ಮಾವ ಕೇಳಿದಾಗ ಬಚ್ಚಿಡೋಕೆ ಜಾಗ ಇರಲಿಲ್ಲ.

ಇನ್ನು ಆ ಬಹುಮಾನದ ವಿಷಯ. ತಪ್ಪು ಗೊತ್ತಾದ ಮೇಲೆ ಟೀಮ್‌ನಲ್ಲಿ ಜಗಳವೇ ಆಯ್ತು. "ರೆಸ್ಯೂಮೆಯಲ್ಲಿ ಹಾಕಿಯಾಗಿದೆ, ಈಗ ಯಾಕೆ ಕೆದಕ್ತೀಯ" ಅಂತ ಒಬ್ಬ. ಅವನ ಮಾತು ಪೂರ್ತಿ ತಪ್ಪು ಅಂತ ನನಗೆ ಅನ್ನಿಸಲಿಲ್ಲ, ಅವನಿಗೆ ಇಂಟರ್ನ್‌ಶಿಪ್ ಬೇಕೇಬೇಕು. ಮೂರು ದಿನ ಮಾತು ಬಿಟ್ವಿ. ಕೊನೆಗೆ ನಾಲ್ಕೂ ಜನರ ಹೆಸರು ಹಾಕಿ ಫೆಸ್ಟ್‌ನವರಿಗೆ ಮೇಲ್ ಕಳಿಸಿದ್ವಿ: ದಕ್ಷತೆಯ ಸಂಖ್ಯೆ ತಪ್ಪು, ಕಾರಣ ಇದು, ಸರಿಯಾದದ್ದು 54, ಬಹುಮಾನ ವಾಪಸ್ ಕೊಡೋಕೆ ಸಿದ್ಧ. ಹತ್ತು ದಿನ ಬಿಟ್ಟು ಒಂದು ಸಾಲಿನ ಉತ್ತರ ಬಂತು: "ನೋಟೆಡ್, ಥ್ಯಾಂಕ್ಸ್."

ಅಷ್ಟೇ. ಟ್ರೋಫಿ ಈಗಲೂ ನನ್ನ ಹಾಸ್ಟೆಲ್ ರೂಮ್‌ನಲ್ಲಿದೆ. ದುಡ್ಡಲ್ಲಿ ಊಟ ಮಾಡಿ ಮುಗಿಸಿದ್ವಿ, ಉಳಿದಿದ್ದ ಒಂಬೈನೂರರಲ್ಲಿ ಲೋಡ್ ಸೆಲ್ ಮತ್ತು ಒಂದು ಸಣ್ಣ ಮೋಟಾರ್ ತಗೊಂಡ್ವಿ. ರೆಸ್ಯೂಮೆಯಲ್ಲಿ ಆ ಸಾಲು ಈಗ ಹೀಗಿದೆ: "ಪ್ರೊಪೆಲ್ಲರ್ ಸಿಮ್ಯುಲೇಶನ್, ಪ್ರಕಟಿತ ಅಳತೆಯೊಂದಿಗೆ ಹೋಲಿಕೆ, ಟಾರ್ಕ್‌ನಲ್ಲಿ ಶೇಕಡಾ 5 ವ್ಯತ್ಯಾಸ." ಜಗಳ ಆಡಿದ ಗೆಳೆಯನೇ ಬರೆದಿದ್ದು.

ಶನಿವಾರ ಮಧ್ಯಾಹ್ನ ಸಿವಿಲ್ ಬ್ಲಾಕಿನ ಕಾಲುವೆ ಬಳಸೋಕೆ ಲ್ಯಾಬ್ ಸರ್ ಒಪ್ಪಿದಾರೆ. ಮೂರು ಇಂಚಿನ ಪ್ರೊಪೆಲ್ಲರ್ ಪ್ರಿಂಟ್ ಆಗಿದೆ, ಒಂದು ಬ್ಲೇಡ್ ಸ್ವಲ್ಪ ಸೊಟ್ಟ ಬಂದಿದೆ. ಬರೋರು ಬನ್ನಿ. ಬರೋ ಮುಂಚೆ, ಉತ್ತರ ಎಷ್ಟು ಬರಬಹುದು ಅಂತ ಒಂದು ಚೀಟಿಯಲ್ಲಿ ಬರ್ಕೊಂಡು ಬನ್ನಿ.